ಜಮಾಲುದ್ದೀನನ ಕತ್ತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿದ್ದರೆ ಇಷ್ಟೊತ್ತಿಗೆ ಮುಗಿಸಿ ಊಟಕ್ಕೆ ಕೂತಿರುತ್ತಿದ್ದೆ. ಸಮುದ್ರದಿಂದ ಶುರು ಮಾಡೋಣವೆಂದರೆ ನಾನು ಸಮುದ್ರ ಕಂಡವನಲ್ಲ. ಹಗರಿಬೊಮ್ಮನಹಳ್ಳಿಯವನಿಗೆ ದೊಡ್ಡ ನೀರೆಂದರೆ ಹಂಪಸಾಗರದ ಹತ್ತಿರ ಬಂದು ನಿಲ್ಲುವ ತುಂಗಭದ್ರೆಯ ಹಿನ್ನೀರು. ಆದರೂ ಮೊದಲ ಡ್ರಾಫ್ಟಿನಲ್ಲಿ "ಹೆಡೆ ಎತ್ತಿದ ಅಲೆಗಳು" ಎಂದು ಬರೆದೆ. ಓದಿ ನನಗೇ ಸಿಟ್ಟು ಬಂತು. ಹರಿದೆ.

೨

ಮನುಷ್ಯನಿಂದಲೇ ಶುರು ಮಾಡುತ್ತೇನೆ. ಜಮಾಲುದ್ದೀನ, ಹಂಪಸಾಗರದವನು, ನಲವತ್ತಾರು ವರ್ಷ. ಇಪ್ಪತ್ತೆರಡು ವರ್ಷದಿಂದ ಸರಕು ಹಡಗಿನಲ್ಲಿ ಕಾವಲು ನಿಲ್ಲುವವನು. ಕೆಲಸ ಇಷ್ಟೇ: ಹಡಗು ನಡೆಸುವ ಕೋಣೆಯಲ್ಲಿ ಆಫೀಸರನ ಪಕ್ಕ ನಾಲ್ಕು ತಾಸು ನಿಂತು ಸುತ್ತ ನೋಡುವುದು, ಕಂಡದ್ದನ್ನು ಹೇಳುವುದು. (ಇಷ್ಟಕ್ಕೆ ಸಂಬಳ ಕೊಡುತ್ತಾರೆಯೇ ಎಂದು ಕೇಳಬೇಡಿ. ನಮ್ಮ ಕಡೆ, ಕಂಡರೂ ಹೇಳದೆ ಇರುವುದಕ್ಕೆ ಸಂಬಳ ಎಣಿಸುವವರಿದ್ದಾರೆ.)

ಇಸವಿ ಎರಡು ಸಾವಿರದ ಒಂದು. ಹೊಸ ನಿಯಮ ಬಂದಿದೆ. ಹಳಬರೂ ತರಬೇತಿ ಮುಗಿಸಿ ಹೊಸ ಸರ್ಟಿಫಿಕೇಟ್ ತರಬೇಕು, ಇಲ್ಲದಿದ್ದರೆ ಹಡಗು ಹತ್ತುವಂತಿಲ್ಲ. ಅದಕ್ಕೆಂದು ಮುಂಬೈಗೆ ಹೋದ ಜಮಾಲುದ್ದೀನ ಫೇಲಾಗಿ ಬಂದಿದ್ದಾನೆ. ಹದಿನೈದು ದಿನ ಬಿಟ್ಟು ಇನ್ನೊಂದೇ ಒಂದು ಅವಕಾಶ. ಅದೂ ಹೋದರೆ ತಮ್ಮ ಖಲಂದರನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಪಾನಾ ಎತ್ತಿಕೊಡುತ್ತ ಕೂರಬೇಕು.

೩

ಫೇಲಾದದ್ದು ಹೇಗೆ?

ಪರೀಕ್ಷೆ ನಡೆದದ್ದು ಸಿಮ್ಯುಲೇಟರಿನಲ್ಲಿ. ಅಂದರೆ ಹಡಗಿನ ಕೋಣೆಯಂತೆಯೇ ಕಟ್ಟಿದ ಒಂದು ರೂಮು. ಎದುರಿಗೆ ಗೋಡೆಯುದ್ದಕ್ಕೂ ಪರದೆ, ಪರದೆಯ ಮೇಲೆ ಕಂಪ್ಯೂಟರಿನ ಸಮುದ್ರ. ಬೆನ್ನ ಹಿಂದೆ ಬರೀ ಗೋಡೆ, ಅದರಲ್ಲೊಂದು ಬಾಗಿಲು. ಜಮಾಲುದ್ದೀನ ಪರದೆಯಲ್ಲಿ ಬಂದ ಹಡಗುಗಳನ್ನೆಲ್ಲ ಸರಿಯಾಗಿಯೇ ಹೇಳಿದ. ಆದರೆ ಎರಡು ನಿಮಿಷಕ್ಕೊಮ್ಮೆ ಕತ್ತು ತಿರುಗಿಸಿ ಗೋಡೆ ನೋಡುತ್ತಿದ್ದ. ಹದಿನೈದನೆಯ ನಿಮಿಷಕ್ಕೆ ಆ ಬಾಗಿಲು ತೆರೆಯಿತು. ಅವನು ಗಟ್ಟಿಯಾಗಿ ವರದಿ ಒಪ್ಪಿಸಿದ: "ಹಿಂದ ಎಡಕ್ಕ ಒಂದು, ಸೀದಾ ನಮ್ ಕಡಿಗೇ ಬರಾಕತ್ತೈತಿ ಸರ್." (ಹೇಳಿದ್ದು ಹಿಂದಿಯಲ್ಲಿ. ಕಥೆ ಕನ್ನಡದ್ದು, ಸುಮ್ಮನಿರಿ.)

ಬಂದದ್ದು ಚಹಾದ ಟ್ರೇ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗಿಂತ ಹತ್ತು ವರ್ಷ ಚಿಕ್ಕವರಾದ, ಪರೀಕ್ಷೆ ನಡೆಸುವ ಕ್ಯಾಪ್ಟನ್ ಮೇಷ್ಟ್ರು ಮಾತ್ರ ನಗದೆ "ಗಮನ ಚಂಚಲ" ಎಂದು ಬರೆದುಕೊಂಡರು. ಇದನ್ನು ಬರೆಯುವಾಗ ನನಗೂ ನಗು ಬಂತು. ಕಥೆಯೊಳಗಿಂದಲೇ ಜಮಾಲುದ್ದೀನ ದುರುಗುಟ್ಟಿದ.

"ಏನ್ ಕಿಸೀತಿ ಲೇ? ಚಾ ಆಗ್ಲಿ, ಹಡಗಾಗ್ಲಿ. ಬಂದಿದ್ದು ಖರೆ ಅಲ್ಲೇನು?"

೩ (ಮತ್ತೆ. ಮೊದಲಿನದರಲ್ಲಿ ಕಾರಣ ಬಿಟ್ಟುಹೋಗಿತ್ತು.)

ಅವನಿಗೆ ಕಾವಲು ಕಲಿಸಿದ್ದು ಹಂಪಸಾಗರದ ಹುಲುಗಪ್ಪ, ಹರಿಗೋಲು ಹಾಕುವವನು. ಹರಿಗೋಲು ರೊಟ್ಟಿ ಬುಟ್ಟಿಯಂತೆ ಗುಂಡಗಿರುತ್ತದೆ, ತಿರುಗುತ್ತಲೇ ಸಾಗುತ್ತದೆ. ಗುಂಡಗಿರುವುದಕ್ಕೆ ಮುಂದು ಯಾವುದು, ಹಿಂದು ಯಾವುದು ಎಂಬುದು ಹುಲುಗಪ್ಪನ ವೇದಾಂತ. ಮೂರು ಹುಟ್ಟು ಹಾಕಿದರೆ ಒಮ್ಮೆ ಬೆನ್ನ ಹಿಂದೆ ನೋಡಲೇಬೇಕು. ನೋಡದಿದ್ದರೆ ಹುಟ್ಟಿನ ಹಿಡಿಯಿಂದಲೇ ಕತ್ತಿಗೊಂದು ಬೀಳುತ್ತಿತ್ತು. ಕಂಪ್ಯೂಟರಿನಲ್ಲಿ ಕಲಿತವರಿಗೆ ಈ ರೋಗ ಬರುವುದಿಲ್ಲ. ಗುಂಡನೆಯ ದೋಣಿಯಲ್ಲಿ ಕಲಿತವನಿಗೆ ಬಿಡುವುದಿಲ್ಲ.

೪

ಇಲ್ಲಿ ನಾನು ಯಂತ್ರಗಳನ್ನು ಬೈದು ಒಂದು ಪುಟ ಬರೆದಿದ್ದೆ. ಭಾಷಣ ಚೆನ್ನಾಗಿತ್ತು. ಜಮಾಲುದ್ದೀನ ಅದರ ಮೇಲೆ ಅಡ್ಡ ಗೀಟು ಎಳೆದ. ಮಂಜು ಮುಸುಕಿದಾಗ ಹತ್ತು ಮೈಲಿಯಾಚೆಯ ಹಡಗನ್ನು ತೋರಿಸಿದ್ದು ರಾಡಾರೇ ಹೊರತು ನಿನ್ನ ಭಾಷಣವಲ್ಲ, ಅದಿಲ್ಲದಿದ್ದರೆ ನಾನು ಎಂದೋ ಮೀನಿನ ಹೊಟ್ಟೆ ಸೇರಿರುತ್ತಿದ್ದೆ ಎಂದ.

ಸರಿ. ಆದರೆ ಮಲಕ್ಕಾ ಜಲಸಂಧಿಯ ಕಥೆಯನ್ನೂ ಅವನೇ ಹೇಳಿದ್ದು. ಮೂರು ವರ್ಷದ ಹಿಂದೆ, ನಸುಕಿನ ಕಾವಲು. ಹಡಗಿನ ಹೊಗೆಕೊಳವೆ ಅಡ್ಡ ಬಂದು ರಾಡಾರಿಗೆ ಹಿಂದಿನ ಒಂದು ಪಟ್ಟಿ ಕಾಣುವುದಿಲ್ಲ. ಕಡಲುಗಳ್ಳರಿಗೆ ಅದು ಗೊತ್ತು. ಅಭ್ಯಾಸಬಲದಿಂದ ಇವನ ಕತ್ತು ತಿರುಗಿತು. ದೀಪವಿಲ್ಲದ ಮರದ ದೋಣಿಯೊಂದು ಬೆನ್ನಿಗೇ ಬರುತ್ತಿತ್ತು. ಎಳೆಯ ಆಫೀಸರ್ ರಾಡಾರ್ ನೋಡಿ, ಏನೂ ಇಲ್ಲವಲ್ಲ ಎಂದ. ರಾಡಾರಿನ ಗಾಜು ಬಿಟ್ಟು ಹೊರಗೆ ಬಂದು ನೋಡಿ ಎಂದ ಇವನು. ದೀಪ ಹಾಕಿದರು, ಹಾರ್ನ್ ಹೊಡೆದರು, ದೋಣಿ ಬಂದ ದಾರಿ ಹಿಡಿಯಿತು. ಅಷ್ಟೇ. (ಹೊಡೆದಾಟ ಇಟ್ಟಿದ್ದೆ. ಅವನು ಒಪ್ಪಲಿಲ್ಲ.)

೫

ಹೆಂಡತಿ ಬಾನು ಬೀಗೆ ಮಾತ್ರ ಅವನು ಪಾಸಾಗಲೇಬೇಕು. ಬೇರೆ ಕಾರಣವನ್ನು ನಾನು ಕೊಡಲು ಹೋಗಿದ್ದೆ. ಅವಳು ಬಿಡಲಿಲ್ಲ.

"ಹಡಗು ಇಳಿದು ಮನಿಗೆ ಬಂದು ನಾಕು ತಿಂಗಳಾತು ಅಣ್ಣಾ. ನಾನು ಒಲಿ ಬಿಟ್ಟು ಅಂಗಳಕ್ಕ ಬಂದ್ರೂ ರಿಪೋರ್ಟ್ ಮಾಡ್ತಾರ. ನಾಗಪ್ಪನ ಎಮ್ಮಿ ಬಂದ್ರ, ಬಲಕ್ಕ ಒಂದು, ನಿಧಾನ ಐತಿ ಅಂತಾರ."

ಹೀಗೆ ತರಬೇತಿಯ ಭಾರ ಅವಳ ಮೇಲೆ ಬಿತ್ತು. ದಿನಾ ಬೆಳಿಗ್ಗೆ ಜಮಾಲುದ್ದೀನ ಹಿತ್ತಲಿನ ಗೋಡೆಗೆ ಮುಖ ಮಾಡಿ ಅರ್ಧ ತಾಸು ನಿಲ್ಲಬೇಕು. ಅವಳು ಹಿಂದೆ ಬಟ್ಟೆ ಒಗೆಯುತ್ತ ತಟ್ಟೆ ಬೀಳಿಸುತ್ತಾಳೆ, ಕೊಡ ಉರುಳಿಸುತ್ತಾಳೆ. ತಿರುಗಿದರೆ ಅಂದಿನ ಚಹಾ ಇಲ್ಲ. ಒಂಬತ್ತು ದಿನ ಚಹಾ ಇರಲಿಲ್ಲ. ಹತ್ತನೆಯ ದಿನ ಹಿಂದೆ ಧಡ್ ಎಂದಿತು. ಕೊಡ ಉರುಳಿತು. ಅವನ ಕತ್ತು ಅಲುಗಲಿಲ್ಲ. ಅವನು ಮನಸ್ಸಿನಲ್ಲೇ ನಿಮಿಷ ಎಣಿಸಿದ. ಪೂರಾ ಅರ್ಧ ತಾಸು ಮುಗಿಸಿ, ಗೆದ್ದವನಂತೆ ತಿರುಗಿದ.

ಬಾನು ಬೀ ಒಗೆಯುವ ಕಲ್ಲಿನ ಪಕ್ಕ ಕೂತಿದ್ದಳು. ಸೋಪಿನ ನೀರಿನಲ್ಲಿ ಜಾರಿ ಬಿದ್ದಿದ್ದಳು. ಮೊಣಕೈಯಿಂದ ರಕ್ತ ಇಳಿದು ಸೆರಗು ತೊಯ್ದಿತ್ತು.

ಕರೆಯಬಾರದಿತ್ತೇನು ಎಂದು ಅವನು ಓಡಿಬಂದ.

"ಕರದಿದ್ರ ಹೊಳ್ಳಿ ನೋಡ್ತಿದ್ರಿ," ಎಂದಳು. "ಪಾಸಾದ್ರಿ ತಗೋರಿ. ಚಾ ಮಾಡ್ತೀನಿ."

ಆ ಚಹಾವನ್ನು ಅವನು ಕುಡಿಯಲಿಲ್ಲ.

೬

ಮುಕ್ತಾಯ ಒಂದು: ಮುಂಬೈಯಲ್ಲಿ ಜಮಾಲುದ್ದೀನ ತಿರುಗುವುದಿಲ್ಲ. ಪಾಸು. ಹಡಗು ಹತ್ತುತ್ತಾನೆ. (ತಿರುಗದ ಕತ್ತನ್ನು ಹೊತ್ತುಕೊಂಡು ಹತ್ತಿ ಏನು ಮಾಡಲಿ ಎಂದು ಅವನು ಕೇಳಿದ. ಹೊಡೆದು ಹಾಕಿದೆ.)

ಮುಕ್ತಾಯ ಎರಡು: ತಿರುಗುತ್ತಾನೆ. ಫೇಲು. ಖಲಂದರನ ಅಂಗಡಿ, ಪಾನಾ. (ಬಾನು ಬೀ ಕಟ್ಟು ಹಾಕಿದ ಮೊಣಕೈ ತೋರಿಸಿದಳು. ಅದನ್ನೂ ಹೊಡೆದು ಹಾಕಿದೆ.)

ಮುಕ್ತಾಯ ಮೂರು: ಕ್ಯಾಪ್ಟನ್ ಮೇಷ್ಟ್ರಿಗೆ ಜ್ಞಾನೋದಯವಾಗಿ ಹಿಂದಿನ ಗೋಡೆಗೂ ಪರದೆ ಹಾಕಿಸುತ್ತಾರೆ. (ಇದನ್ನು ಬರೆದ ಪೆನ್ನಿಗೆ ನಾಚಿಕೆಯಾಗಬೇಕು.)

೭

ಆದ್ದರಿಂದ ಅವನನ್ನು ಅಲ್ಲೇ ತಂದು ನಿಲ್ಲಿಸಿದ್ದೇನೆ. ಮುಂಬೈ, ಎರಡನೆಯ ಪರೀಕ್ಷೆ, ಇಪ್ಪತ್ತಾರನೆಯ ನಿಮಿಷ. ಇನ್ನು ನಾಲ್ಕೇ ನಿಮಿಷ. ಮುಂದೆ ಪರದೆಯ ಮೇಲೆ ಸಮುದ್ರ ಸಪಾಟಾಗಿದೆ. ಮೇಷ್ಟ್ರು ಪೆನ್ನು ಹಿಡಿದಿದ್ದಾರೆ. ನಾನೂ ಹಿಡಿದಿದ್ದೇನೆ. ಹಿಂದೆ ಬಾಗಿಲು ಕಿರ್ರೆಂದಿತು. ಜಮಾಲುದ್ದೀನನ ಕತ್ತಿನ ನರ ಬಿಗಿಯಿತು.

"ಲೇ," ಎಂದ, ಪರದೆಯಿಂದ ಕಣ್ಣು ಕೀಳದೆ, ನನಗಷ್ಟೇ ಕೇಳುವಂತೆ. "ಬಾಗಲ್ದಾಗ ಯಾರನ್ನ ನಿಲ್ಸೀದಿ?"

ನಾನಿನ್ನೂ ಬರೆದಿರಲಿಲ್ಲ. ಚಹಾದ ಟ್ರೇ ಇರಬಹುದು. ಗಾಳಿ ಇರಬಹುದು. ಬಿದ್ದವರು ಯಾರಾದರೂ ಇರಬಹುದು. ಗೊತ್ತಿಲ್ಲ ಎಂದೆ.

"ಬರಿಯಾವ್ಗೇ ಗೊತ್ತಿಲ್ಲಂದ್ರ," ಎಂದ ಜಮಾಲುದ್ದೀನ, "ಯಾರರ ಒಬ್ರು ನೋಡಬೇಕಲ್ಲೋ."