ಮುಚ್ಚುತ್ತೆ ಅಂದ ಅಂಗಡಿ

ರಾಜಾಜಿನಗರದಲ್ಲಿ ಯಾರು ಹೊಸ ಅಂಗಡಿ ತೆರೆದರೂ ಮೊದಲು ಬಂದು ನಿಲ್ಲುತ್ತಿದ್ದವನು ಚನ್ನಕೇಶವ. ಏನೂ ಕೊಳ್ಳುತ್ತಿರಲಿಲ್ಲ. ಸೈಕಲ್ಲಿನಿಂದ ಒಂದು ಕಾಲು ಕೆಳಗೂರಿ, ಅಂಗಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ತೀರ್ಪು ಕೊಡುತ್ತಿದ್ದ. ಕೆಲಸ ಮಾಡುವ ಕಾರ್ಖಾನೆಯಲ್ಲಿ ಅವನ ಮಾತು ಕೇಳುವವರಿರಲಿಲ್ಲ. ಹಾಗಾಗಿ ಬೀದಿಗೆ ಈ ಉಪಕಾರ.

ಅಂಜಿನಯ್ಯ ಹಿಟ್ಟಿನ ಗಿರಣಿ ಇಟ್ಟಾಗ, "ಮನೇಲಿ ಬೀಸೋ ಕಲ್ಲಿರೋವಾಗ ಯಾವ ಹೆಂಗಸು ಇಲ್ಲಿಗೆ ಬರ್ತಾಳೆ? ಯುಗಾದಿಗೆ ಬೀಗ" ಎಂದ. ಯುಗಾದಿಯ ಹೊತ್ತಿಗೆ ಗಿರಣಿಯ ಮುಂದೆ ಡಬ್ಬಗಳ ಸಾಲು ಬೀದಿಯ ತಿರುವು ಮುಟ್ಟಿತ್ತು. ಲಾಟೀನು ಮಾರುವ ಅಂಗಡಿಗೆ, "ಇದು ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಎಂದ. ಮರುತಿಂಗಳು ಬೀದಿಗೆ ಕರೆಂಟಿನ ಕಂಬ ಬಂತು. ಇಷ್ಟಾದರೂ ಅವನಿಗೆ ತನ್ನ ಕಣ್ಣಿನ ಮೇಲಿನ ನಂಬಿಕೆ ಹೋಗಲಿಲ್ಲ. ಊರೇ ದಾರಿ ತಪ್ಪಿದೆ ಎಂದುಕೊಂಡ. ಊರು ಮಾತ್ರ ಬೇರೆ ಪಾಠ ಕಲಿತಿತ್ತು. ಹೊಸ ಅಂಗಡಿಯವರು ಪೂಜೆ ಮುಗಿಸಿ, ಅವನ ಕೈಗೆ ಬಾಳೆಹಣ್ಣಿಟ್ಟು, "ಒಂದು ಮಾತು ಬೈದ್ಬಿಡಿ ಸಾರ್" ಎನ್ನತೊಡಗಿದರು.

ಅವನ ಹೆಂಡತಿ ಲಕ್ಷ್ಮಿದೇವಮ್ಮ ತವರಿನ ಬೆಳ್ಳಿ ಡಾಬು ಮಾರಿ, ಮನೆಯ ಜಗಲಿಯಲ್ಲಿ ಇಡ್ಲಿ ಅಂಗಡಿ ಇಟ್ಟದ್ದು ಕಾರ್ತೀಕ ಮುಗಿದ ಮೇಲೆ, ಮೈ ಕೊರೆಯುವ ಚಳಿಯಲ್ಲಿ. ಬೋಣಿಗೆ ಕೈಗುಣ ಒಳ್ಳೆಯದೆಂದು ಅಂಜಿನಯ್ಯನನ್ನು ಕರೆಸಿದಳು. ಗಂಡನ ಮುಂದೆ ತಟ್ಟೆ ಇಟ್ಟು, "ನಿಮ್ಮ ಕಾಲಿಗೆ ಬೀಳ್ತೀನಿ ರೀ, ಹೊಗಳಬೇಡಿ" ಎಂದಳು.

ಡಾಬಿನ ನೆನಪಾಗಿ, ಸುಳ್ಳಾದರೂ ಸರಿ, ಬೈಯಲು ಅವನು ಸಿದ್ಧನಾಗಿದ್ದ. ಇಡ್ಲಿ ಮುರಿಯಲು ಹೋದ. ಮುರಿಯಲಿಲ್ಲ.

"ಲೇ, ಇದು ಕಲ್ಲು ಕಣೇ. ನಿಜವಾಗ್ಲೂ! ಚಳಿಗೆ ಹಿಟ್ಟೇ ಉಬ್ಬಿಲ್ಲ. ಹಿಂಗಾದ್ರೆ ಸಂಕ್ರಾಂತಿಗೆ ಮುಚ್ತೀಯ."

ಅವಳ ಮುಖ ಅರಳಿತು. "ನಿಮ್ಮ ಬಾಯಿಗೆ ಸಕ್ಕರೆ ಹಾಕ!"

ಅಂಜಿನಯ್ಯ ಹಲ್ಲಿನ ಸಂದಿಯಿಂದ ಇಡ್ಲಿ ಬಿಡಿಸಿಕೊಳ್ಳುತ್ತ, "ಗೆದ್ದೆ ಕಣಮ್ಮ. ನನ್ನ ಗಿರಣೀಗೂ ಇಷ್ಟು ಮನಸ್ಸಿಟ್ಟು ಬೈದಿರಲಿಲ್ಲ" ಎಂದ.

"ನೀವೇ ಅಗೀತಾ ಇದೀರಲ್ಲ ಅಂಜಿನಯ್ಯ, ಹೆಂಗಿದೆ ಹೇಳಿ!" ಎಂದ ಚನ್ನಕೇಶವ.

"ನಾನ್ಯಾಕೆ ಹೇಳ್ಲಿ? ನೀವು ಹೇಳಿದ್ದೇ ಸಾಕಲ್ಲ."

ಬಂದ ನಾಲ್ಕಾರು ಗಿರಾಕಿಗಳು ಅರ್ಧ ತಿಂದು ಎದ್ದರು. ಲಕ್ಷ್ಮಿದೇವಮ್ಮ ಆ ಎಲೆಗಳನ್ನೂ ನಗುತ್ತಲೇ ಎತ್ತಿದಳು. ಜೀವಮಾನದಲ್ಲಿ ಮೊದಲ ಸಲ ಚನ್ನಕೇಶವನ ತೀರ್ಪು ಸರಿಯಾಗಿತ್ತು. ಅವನಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಸುಮ್ಮನಿದ್ದರೆ ಸಾಕು. ಅಂಗಡಿ ಮುಚ್ಚುತ್ತದೆ, ಬೀದಿಯೆಲ್ಲ ಅವನ ಕಣ್ಣನ್ನು ಒಪ್ಪುತ್ತದೆ.

ಸಂಜೆ ಅವಳು ಹಿಟ್ಟು ರುಬ್ಬಿಟ್ಟು ಕೊಳಾಯಿಗೆ ಹೋದಳು. ಅವನು ಪಾತ್ರೆಯನ್ನು ಎತ್ತಿ ಬಚ್ಚಲೊಲೆಯ ಬಿಸಿಬೂದಿಯ ಪಕ್ಕಕ್ಕೆ ಸರಿಸಿದ. ಅಷ್ಟು ಸಾಲದೆಂದು ತಾನು ಹೊದೆಯುವ ಕಂಬಳಿಯನ್ನೂ ತಂದು ಸುತ್ತಿದ.

ಬಿಂದಿಗೆ ಹೊತ್ತು ಬಂದ ಲಕ್ಷ್ಮಿದೇವಮ್ಮ ಬಾಗಿಲಲ್ಲೇ ನಿಂತಳು. "ಇದೇನ್ರೀ? ಈ ಚಳೀಲಿ ನೀವೇನು ಹೊದೀತೀರ?"

"ನಂಗೇನಾಗುತ್ತೆ ಬಿಡೇ. ನಿನ್ನ ಅಂಗಡಿಯಂತೂ ಸಂಕ್ರಾಂತಿ ದಾಟಲ್ಲ, ನೋಡ್ತಿರು" ಎಂದು ಚನ್ನಕೇಶವ ಕಂಬಳಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದ.