ಒಲೆಯ ಹಿಂದಿನ ಕೋಣೆ

ಆ ಮನೆಯಲ್ಲಿ ಚಳವಳಿಯ ನಾಯಕರು ಅಡಗಿದ್ದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಪೊಲೀಸರು ಅವರಿಗಾಗಿ ಊರೆಲ್ಲ ಜಾಲಾಡುತ್ತಿದ್ದಾಗ ಒಂದು ಇಡೀ ಚಳಿಗಾಲ ಅವರು ಇಲ್ಲಿದ್ದರು. ಇಷ್ಟು ನಿಜ. ಮಹಡಿಯ ದೊಡ್ಡ ಕೋಣೆಯಲ್ಲಿ, ಕೆತ್ತನೆಯ ಮಂಚದ ಮೇಲೆ ಮಲಗುತ್ತಿದ್ದರು ಅನ್ನುವುದು ಮಾತ್ರ ಶುದ್ಧ ಸುಳ್ಳು. ಅದು ಸುಳ್ಳೆಂದು ಈಗ ಬದುಕಿರುವವರಲ್ಲಿ ಚಿಕ್ಕಮ್ಮನೊಬ್ಬಳಿಗೇ ಗೊತ್ತು.

ಚಿಕ್ಕಮ್ಮ ಆ ಮನೆಯ ಕಿರಿಯ ಸೊಸೆ. ಬೀದಿಗೆಲ್ಲ ಅವಳು ಚಿಕ್ಕಮ್ಮನೇ. ಗಂಡ ತೀರಿಕೊಂಡ ಮೇಲೆ ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯೇ ಅವಳ ಪ್ರಪಂಚ. ಹಿಂದೆ ಅಲ್ಲಿ ಸೌದೆ ಒಟ್ಟುತ್ತಿದ್ದರು. ನಾಯಕರು ಮಲಗಿದ್ದದ್ದು ಅಲ್ಲೇ, ಸೌದೆ ರಾಶಿಯ ಹಿಂದೆ.

"ಪೊಲೀಸ್ನೋರು ಬಂದ್ರೆ ಮೊದ್ಲು ಹತ್ತೋದೇ ಮಹಡಿ. ಸೌದೆ ಹಿಂದೆ ಯಾರು ಕೈ ಹಾಕ್ತಾರೆ? ಅದಕ್ಕೇ ಅಲ್ಲಿ ಮಲಗಿಸ್ದೆ," ಎಂದು ಅತ್ತೆ ಸಾಯುವ ಮುಂಚೆ ಸೊಸೆಗೆ ಹೇಳಿದ್ದರು. ಪೊಲೀಸರು ಬಂದೂ ಬಂದಿದ್ದರು. ಮಹಡಿಯ ಹಾಸಿಗೆಗಳನ್ನೆಲ್ಲ ಕೊಡವಿ, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಇಳಿದು ಹೋಗಿದ್ದರು.

ಆದರೆ ಸ್ವಾತಂತ್ರ್ಯ ಬಂದು, ನಾಯಕರು ದೊಡ್ಡವರಾಗಿ, ಜನ ಮನೆ ನೋಡಲು ಬರತೊಡಗಿದಾಗ ಮಾವನವರಿಗೆ ನಾಚಿಕೆ ಹತ್ತಿಕೊಂಡಿತು. "ಅಂಥಾ ಮನುಷ್ಯನ್ನ ಸೌದೆ ಜೊತೆ ಒಟ್ಟಿದ್ವಿ ಅಂತ ಹೇಳ್ಲಾ? ನನ್ನ ಮರ್ಯಾದೆ ಏನಾಗ್ಬೇಕು?" ಎಂದು ಮಹಡಿಗೊಂದು ಮಂಚ ಮಾಡಿಸಿ ಹಾಕಿದರು. ಜೀವ ಒತ್ತೆಯಿಟ್ಟು ಒಬ್ಬರನ್ನು ಕಾಪಾಡಿದ ಮನುಷ್ಯ, ಮಂಚ ಕೊಡಲಿಲ್ಲವಲ್ಲ ಎಂದು ತಲೆ ತಗ್ಗಿಸುವುದೆಂದರೆ! ಅಷ್ಟು ಮರ್ಯಾದಸ್ಥರ ಮನೆ ಅದು. ಅತ್ತೆ ಎದುರಾಡಲಿಲ್ಲ. ಮನೆಯ ಜೊತೆಗೆ ಸುಳ್ಳೂ ಮುಂದಿನವರ ಪಾಲಿಗೆ ಬಂತು.

ಈಗ ಸ್ಮಾರಕ ಸಮಿತಿಯೊಂದು ಹುಟ್ಟಿಕೊಂಡಿತ್ತು. ನಾಯಕರು ಇದ್ದ ಭಾಗ ಸ್ಮಾರಕಕ್ಕೆ, ಉಳಿದದ್ದು ಮನೆಯವರಿಗೆ ಎಂದು ಮಾತಾಗಿತ್ತು. ಅಂದರೆ ಮಹಡಿ ಅವರಿಗೆ, ಕೆಳಗಿನದು ಇವರಿಗೆ. ಮಾತು ಮುಗಿಸಿದವನು ಭಾವನ ಮಗ. ಬಾಯಿ ತೆರೆದರೆ ಮುಚ್ಚುವವನಲ್ಲ, ಬೀದಿಯವರು ಅವನಿಗೆ 'ರೇಡಿಯೊ' ಎಂದೇ ಹೆಸರಿಟ್ಟಿದ್ದರು. ನಿಜ ಹೊರಬಿದ್ದರೆ ತನ್ನ ಕೋಣೆ ಕೈಬಿಡುತ್ತದೆಂದು ತಿಳಿಯದಷ್ಟು ಪೆದ್ದಿಯಲ್ಲ ಚಿಕ್ಕಮ್ಮ. ಮಹಡಿ ಉಳಿದರೂ ಅದು ಭಾವನ ಮಗನ ಪಾಲಿಗೇ ಹೊರತು ಅವಳಿಗಲ್ಲ. ಕಂಡವರ ಹಜಾರದಲ್ಲಿ ಹಾಸಿಗೆ ಬಿಚ್ಚುವ ವಯಸ್ಸೂ ಅವಳದಲ್ಲ. ಬಾಯಿಗೆ ಬೀಗ ಹಾಕಿಕೊಂಡಳು.

ಉದ್ಘಾಟನೆಗೆ ನಾಯಕರ ಮಗಳೇ ಬಂದರು. ಹಣ್ಣು ಹಣ್ಣು ಮುದುಕಿ. ಕೋಲೂರಿ, ನಡುನಡುವೆ ನಿಂತು ಉಸಿರು ಎಳೆದುಕೊಂಡು ಮಹಡಿ ಹತ್ತಿದರು. ಟೀ ತಟ್ಟೆ ಹಿಡಿದು ಚಿಕ್ಕಮ್ಮ ಹಿಂದೆಯೇ ಹೋದಳು.

ಮುದುಕಿ ಮಂಚದ ಮೇಲೆ ಕೂತು ಅದರ ಮೇಲೆಲ್ಲ ಕೈಯಾಡಿಸಿದರು. "ನಾನು ಚಿಕ್ಕೋಳಿದ್ದಾಗ ಅಪ್ಪ ನಂಗೆ ಸಿಕ್ಕಿದ್ದೇ ಕಮ್ಮಿ. ಆಮೇಲೆ ಈ ಮನೆ ಮಾತು ಬಂದಾಗೆಲ್ಲ ಹೇಳೋರು, ಗೋಡೆಗೆ ಬೆನ್ನು ಕೊಟ್ಟು ಮಲಗಿದ್ರೆ ಬೆಳಗಿನ ತನಕ ಬೆಚ್ಚಗಿರ್ತಿತ್ತು ಅಂತ. ಯಾವ ಗೋಡೆ ಅದು?"

"ಇದೇ ಅಮ್ಮ, ಈ ಗೋಡೆನೇ. ಇಡೀ ದಿನ ಬಿಸಿಲು ಬೀಳುತ್ತಲ್ಲ," ಎಂದ ರೇಡಿಯೊ. ಗೊತ್ತಿಲ್ಲದ್ದನ್ನು ಹೇಳಲು ಅವನು ಉಗುಳು ಕೂಡ ನುಂಗಲಿಲ್ಲ.

ಮುದುಕಿ ಗೋಡೆಗೆ ಅಂಗೈ ಒತ್ತಿದರು. ತಣ್ಣಗೆ ಕೊರೆಯುತ್ತಿತ್ತು. ಕೈ ತೆಗೆಯಲಿಲ್ಲ, ಇನ್ನೇನು ಬಿಸಿಯಾಗುತ್ತದೆ ಅನ್ನುವಂತೆ ಹಾಗೇ ಇಟ್ಟುಕೊಂಡಿದ್ದರು. "ಇರ್ಲಿ ಬಿಡಿ, ಎಷ್ಟು ವರ್ಷ ಆಗೋಯ್ತು," ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಚಿಕ್ಕಮ್ಮನಿಗೆ ನೋಡಲಾಗಲಿಲ್ಲ. ಅಪ್ಪನನ್ನು ಹುಡುಕಿಕೊಂಡು ಬಂದವಳಿಗೆ ತಣ್ಣನೆ ಗೋಡೆ ತೋರಿಸಿ ಕಳಿಸುವುದೆಂದರೆ ಪಾಪವೇ ಅನ್ನಿಸಿತು. ತನ್ನ ಕೋಣೆಯೂ ಕಣ್ಣ ಮುಂದೆ ಬಂತು. ಟೀ ತಟ್ಟೆಯನ್ನು ನೆಲಕ್ಕಿಟ್ಟಳು.

"ಅದಲ್ಲಮ್ಮ ಗೋಡೆ," ಎಂದಳು. "ಕೆಳಗಿದೆ. ಬನ್ನಿ, ತೋರಿಸ್ತೀನಿ."

ರೇಡಿಯೊ ಕಣ್ಣು ಕೆಕ್ಕರಿಸಿದ. "ಚಿಕ್ಕಮ್ಮ, ಟೀ ಆರಿ ಹೋಗುತ್ತೆ, ಕೊಟ್ಟು ಹೋಗು."

"ಆರಿದ್ರೆ ಬೇರೆ ಮಾಡ್ತೀನಿ."

ಕೈ ಹಿಡಿದು ಇಳಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಸೌದೆ ರಾಶಿಯ ಕತೆ, ಅತ್ತೆಯ ಉಪಾಯ, ಮಾವನವರ ನಾಚಿಕೆ ಎಲ್ಲ ಹೇಳಿದಳು. ಬಂದವರಿಗೆಲ್ಲ ನೀರು ಕಾಯಿಸಲು ಬೆಳಗಿನಿಂದ ಸೌದೆ ಒಲೆ ಉರಿಯುತ್ತಲೇ ಇತ್ತು. ಹಿಂದಿನ ಕೋಣೆಯಲ್ಲಿ ಮುದುಕಿ ಒಲೆಯ ಬೆನ್ನಿಗಿದ್ದ ಗೋಡೆಗೆ ಅಂಗೈ ಇಟ್ಟರು. ಆಮೇಲೆ ಕೆನ್ನೆ ಇಟ್ಟರು. ಬಿಕ್ಕಿ ಬಿಕ್ಕಿ ಅತ್ತರು, ಚಿಕ್ಕಮ್ಮನೂ ಅತ್ತಳು.

ಬಾಗಿಲಲ್ಲಿ ನಿಂತಿದ್ದ ಸಮಿತಿಯ ಕಾರ್ಯದರ್ಶಿ ಕೆಟ್ಟ ಮನುಷ್ಯನೇನಲ್ಲ. ತನ್ನ ಕೆಲಸ ತಾನು ಮಾಡಿದ. "ಹಾಗಾದ್ರೆ ಸ್ಮಾರಕ ಇದೇ ಆಯ್ತು. ನಾಳೆನೇ ಅಳತೆ ತಗೊಳ್ಳಿ. ಇಲ್ಲಿರೋ ಸಾಮಾನು ಖಾಲಿ ಮಾಡಿಸ್ಬೇಕು," ಎಂದು ಪಕ್ಕದವನಿಗೆ ಹೇಳಿದ. ಸಾಮಾನೆಂದರೆ ಒಂದು ಟ್ರಂಕು, ಗಂಡನ ಫೋಟೊ, ಒಂದು ಹಾಸಿಗೆ. ಚಿಕ್ಕಮ್ಮನಿಗೆ ಅದು ಕೇಳಿಸಿತು. ಆದರೂ ಆಡಿದ ಮಾತು ವಾಪಸು ಬೇಕು ಅನ್ನಿಸಲಿಲ್ಲ.

ಮುದುಕಿಗೆ ಇದೊಂದೂ ಕೇಳಿಸಿರಲಿಲ್ಲ. "ಒಂದ್ ಸ್ವಲ್ಪ ಹೊತ್ತು ಮಲಗ್ಲಾ?" ಎಂದು ಮಗುವಿನಂತೆ ಕೇಳಿದರು.

ಚಿಕ್ಕಮ್ಮ ತನ್ನ ಹಾಸಿಗೆಯನ್ನೇ ಗೋಡೆಗೆ ಸರಿಸಿ ಹಾಸಿದಳು. ಮುದುಕಿ ಬೆನ್ನು ತಾಗಿಸಿ ಮಲಗಿದವರು ನಿದ್ದೆ ಹೋಗಿಬಿಟ್ಟರು. ಮಹಡಿಯಲ್ಲಿ ಅತಿಥಿಗಳೆಲ್ಲ ಕತ್ತರಿ, ರಿಬ್ಬನ್ನು ಹಿಡಿದು ಕಾಯುತ್ತಿದ್ದರು. ಕಾರ್ಯದರ್ಶಿ ಎಬ್ಬಿಸಲು ಬಂದ. ಚಿಕ್ಕಮ್ಮ ಬಾಗಿಲು ಎಳೆದುಕೊಂಡು ಅಡ್ಡ ನಿಂತಳು, ಬಿಡಲಿಲ್ಲ.

ಆಮೇಲೆ ರೇಡಿಯೊ ಧಡಧಡನೆ ಇಳಿದು ಬಂದ. "ಬುದ್ಧಿ ಇದೆಯಾ ನಿಂಗೆ? ನಾಳೆಯಿಂದ ಎಲ್ಲಿ ಮಲಗ್ತೀಯ, ಹೇಳು ನೋಡೋಣ?" ಎಂದು ಗಂಟಲು ಹರಿಯುವಂತೆ ಕೂಗಿದ.

ಚಿಕ್ಕಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಮಾತಾಡೋ," ಎಂದಳು, "ಒಳಗೆ ಮಲಗಿದ್ದಾರೆ."