ರೆಕ್ಕೆ ಬಂದ ನಕ್ಷತ್ರಗಳು

ಕ್ಯಾಮೆರಾದ ಪರದೆಯ ಎಡಮೂಲೆಯಲ್ಲಿ ನಕ್ಷತ್ರಗಳಿಗೆ ರೆಕ್ಕೆ ಬಂದಿದ್ದವು. ಕೆರಿನ್ ಚಿತ್ರವನ್ನು ಇನ್ನಷ್ಟು ಹಿಗ್ಗಿಸಿ ನೋಡಿದಳು. ನಡುವಿನಲ್ಲಿ ತ್ರಿಶಂಕು ನಕ್ಷತ್ರಪುಂಜದ ಚುಕ್ಕಿಗಳು ಸೂಜಿಮೊನೆಯಂತಿದ್ದವು. ಎಡಕ್ಕೆ ಸರಿದಂತೆ ಒಂದೊಂದೂ ಹಾರಲು ಹೊರಟ ಪುಟ್ಟ ಹಕ್ಕಿ. ಹೊಸ ಲೆನ್ಸು, ಮೊದಲ ರಾತ್ರಿ, ಇದು ಫಲ.

ಕೂನಬರಾಬ್ರನ್ ಊರಿನ ಆಚೆ, ಗೆಳತಿ ಬ್ರೋನ್ವೆನ್‌ಳ ಕುರಿ ಹೊಲದಲ್ಲಿ, ಭೂಮಿಯ ದಕ್ಷಿಣಾರ್ಧದ ಜುಲೈ ಚಳಿಗೆ ಎರಡು ಕ್ಯಾಮೆರಾಗಳು ಪಕ್ಕಪಕ್ಕ ನಿಂತಿದ್ದವು. ಇಬ್ಬರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬಗೆಯ ಲೆನ್ಸ್ ಕೊಂಡಿದ್ದರು. ಅದಕ್ಕಾಗಿ ಕೆರಿನ್ ಎಂಟು ತಿಂಗಳು ಶಾಲೆಯ ಬಸ್ಸನ್ನು ಶನಿವಾರದ ಆಟೋಟಗಳಿಗೂ ಓಡಿಸಿದ್ದಳು. ಬ್ರೋನ್ ತನ್ನ ಗಂಡನಿಗೊಂದು ಮಾತು ಹೇಳಿದ್ದಳು, ಅಷ್ಟೆ.

"ಕುರಿಯೊಂದು ಒದ್ದಾಡ್ತಿದೆ, ನೋಡ್ಕೊಂಡು ಬರ್ತೀನಿ. ನಂದನ್ನೂ ಒಂಚೂರು ಪರೀಕ್ಷೆ ಮಾಡಿಡೇ, ನಿನ್ ಕಣ್ಣು ಚುರುಕು," ಎಂದು ಬ್ರೋನ್ ಆಗಲೇ ಕೊಟ್ಟಿಗೆಯತ್ತ ಹೋಗಿದ್ದಳು.

ಕೆರಿನ್ ಅವಳ ಕ್ಯಾಮೆರಾದಲ್ಲೂ ಚಿತ್ರ ತೆಗೆದಳು. ನಾಲ್ಕು ಮೂಲೆಯಲ್ಲೂ ಚುಕ್ಕಿ ಚುಕ್ಕಿಯಾಗಿಯೇ ಇತ್ತು.

ಇವಳಿಗೇ ಯಾಕೆ ಒಳ್ಳೆಯದು ಸಿಗಬೇಕು? ಮೂರು ವರ್ಷದಿಂದ ಊರಿನ ಕೃಷಿ ಪ್ರದರ್ಶನದಲ್ಲಿ ರಾತ್ರಿಯಾಕಾಶದ ಚಿತ್ರಕ್ಕೆ ಕೊಡುವ ಮೊದಲ ಬಹುಮಾನದ ನೀಲಿ ರಿಬ್ಬನ್ ಇವಳಿಗೇ. ಮೇಲೆ, "ಏನೋ ಅದೃಷ್ಟ ಕಣೇ" ಎಂಬ ರಾಗ ಬೇರೆ. ಈ ವರ್ಷದ ಚಿತ್ರ ಕಳಿಸಲು ಇನ್ನು ಹತ್ತೇ ದಿನ.

ಕೊರೆದ ಸಂಖ್ಯೆಯೊಂದನ್ನು ಬಿಟ್ಟರೆ ಎರಡು ಲೆನ್ಸುಗಳಿಗೂ ವ್ಯತ್ಯಾಸವಿರಲಿಲ್ಲ. ಕೆರಿನ್ ಎರಡನ್ನೂ ಬಿಚ್ಚಿದಳು. ಬ್ರೋನ್‌ಳದನ್ನು ತನ್ನ ಕ್ಯಾಮೆರಾಕ್ಕೆ, ತನ್ನದನ್ನು ಬ್ರೋನ್‌ಳ ಕ್ಯಾಮೆರಾಕ್ಕೆ ಕೂರಿಸಿದಳು.

ಬ್ರೋನ್ ಅಂಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಮರಿ ಹುಟ್ತು ಮಾರಾಯ್ತಿ. ಅದರಮ್ಮ ನಂಗೇ ಒದ್ಲು! ಹೇಗಿದೆ ನನ್ ಲೆನ್ಸು?"

"ಅಷ್ಟಕ್ಕಷ್ಟೆ. ನೀನೇ ನೋಡು."

ಬ್ರೋನ್ ಒಂದು ಚಿತ್ರ ತೆಗೆದಳು. "ಇದು ಅಷ್ಟಕ್ಕಷ್ಟೆಯಾ? ಮೂಲೆಮೂಲೇಲೂ ಸೂಜಿ ಚುಚ್ಚಿದ ಹಾಗಿದೆ! ನಿಂಗೆ ಏನ್ ತೋರಿಸಿದ್ರೂ ಕೊಂಕೇ."

ಕೆರಿನ್ ಬಗ್ಗಿ ನೋಡಿದಳು. ನಿಜ. ಗಾಬರಿಯಿಂದ ತನ್ನ ಕ್ಯಾಮೆರಾದಲ್ಲೂ ಒಂದು ತೆಗೆದಳು. ಲೆನ್ಸ್ ಬದಲಾದರೂ ಎಡಮೂಲೆಯಲ್ಲಿ ಅದೇ ಹಕ್ಕಿಗಳು.

ಬ್ರೋನ್ ಭುಜದ ಮೇಲಿಂದ ಇಣುಕಿದಳು. "ಅಯ್ಯೋ ಪಾಪ! ತಾಳು, ಲೆನ್ಸೇ ಕೆಟ್ಟಿದ್ಯೋ, ಅದನ್ನ ಕೂರಿಸೋ ಕ್ಯಾಮೆರಾದ ಬಾಯೇ ಸೊಟ್ಟಗಿದ್ಯೋ, ಯಾರಿಗ್ ಗೊತ್ತು. ಬಿಚ್ಕೊಡು, ಅದಲುಬದಲು ಮಾಡಿ ನೋಡೋಣ. ಎರಡು ನಿಮಿಷದ ಕೆಲಸ."

ಆ 'ಪಾಪ' ಕೆರಿನ್‌ಳನ್ನು ರಿಬ್ಬನ್ನಿಗಿಂತ ಹೆಚ್ಚು ಚುಚ್ಚಿತು.

"ಬೇಕಾಗಿಲ್ಲ. ಆಗಲೇ ಮಾಡಿ ಆಯ್ತು."

"ಯಾವಾಗ?"

"ನೀನು ಕುರಿ ಹತ್ರ ಹೋಗಿದ್ದಾಗ."

"ವಾಪಸ್ ಹಾಕಿಡೋಕೆ ಮರೆತ್ಯಾ?" ಎಂದು ಬ್ರೋನ್ ಮೆಲ್ಲಗೆ ಕೇಳಿದಳು. ಹೂಂ ಎಂದರೆ ಸಾಕಿತ್ತು.

"ಮರೀಲಿಲ್ಲ," ಎಂದಳು ಕೆರಿನ್.

ಬ್ರೋನ್ ತನ್ನ ಲೆನ್ಸಿಗೆ ಕೈ ಚಾಚಿದಳು. ಕೆರಿನ್ ಲೆನ್ಸ್ ಬಿಚ್ಚತೊಡಗಿದಳು.